ಗಡಿಯಾರ 11 ನಿಮಿಷ ಮುಂದಿತ್ತು

ಈ ಕೆಲಸಕ್ಕೆ ಸೇರಿ ಇವತ್ತಿಗೆ ಒಂದು ವರ್ಷ. ಪೀರ್ ಸಪೋರ್ಟ್ ವರ್ಕರ್ ಅಂತ ಐಡಿ ಕಾರ್ಡಿನಲ್ಲಿದೆ, ಅಂದರೆ ಮನಸ್ಸಿನ ಕಾಯಿಲೆ ಅನುಭವಿಸಿ ಚೇತರಿಸಿಕೊಂಡವರು ಈಗ ಅಂಥ ಕಷ್ಟದಲ್ಲಿರುವವರಿಗೆ ಜೊತೆಯಾಗುವ ಕೆಲಸ. ಅದನ್ನು ಕನ್ನಡದಲ್ಲಿ ಏನನ್ನಬೇಕೋ ಇನ್ನೂ ಸರಿಯಾಗಿ ಹೊಳೆದಿಲ್ಲ. 'ಇದೇ ದಾರಿಯಲ್ಲಿ ಬಿದ್ದು ಎದ್ದವನು' ಅಂದರೆ ಸುಮಾರು ಹತ್ತಿರ ಬರುತ್ತದೆ, ಆದರೆ ಕಾರ್ಡಿನಲ್ಲಿ ಅಷ್ಟು ಜಾಗ ಇಲ್ಲ.

ಮೂರು ವರ್ಷದ ಹಿಂದೆ ಏನಾಯಿತು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು ಸಾಕು: ಹುಷಾರಿರಲಿಲ್ಲ, ಆಸ್ಪತ್ರೆಯಲ್ಲಿದ್ದೆ, ಈಗ ಪರವಾಗಿಲ್ಲ. ನಾನು ಬರೆಯುತ್ತಿರುವುದು ಥ್ಯಾಂಕ್ಸ್ ಹೇಳೋದಕ್ಕೆ, ಕೇಸ್ ಶೀಟ್ ತುಂಬಿಸೋದಕ್ಕಲ್ಲ.

ಅಮ್ಮನಿಗೆ, ಅಣ್ಣನಿಗೆ, ಮಾತ್ರೆ ಬದಲಾಯಿಸುವಾಗೆಲ್ಲ ಯಾಕೆ ಅಂತ ಬಿಡಿಸಿ ಹೇಳಿದ ಡಾಕ್ಟರಿಗೆ, ನಾನು ಫೋನ್ ಎತ್ತದಿದ್ದರೂ ಮೆಸೇಜ್ ಹಾಕುತ್ತಲೇ ಇದ್ದ ನಾಲ್ವರು ಗೆಳೆಯರಿಗೆ, ಅದರಲ್ಲೂ ಏನೂ ಬರೆಯದೆ ಬರೀ ತನ್ನ ನಾಯಿಯ ಫೋಟೋ ಕಳಿಸುತ್ತಿದ್ದವನಿಗೆ, ತುಂಬಾ ಥ್ಯಾಂಕ್ಸ್. ನಿಮ್ಮೆಲ್ಲರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕಾಗಿದೆ.

ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ವಾರ್ಡಿನಲ್ಲಿ ನನ್ನ ಐದನೇ ರಾತ್ರಿ. ಆ ರಾತ್ರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಗಂಟೆ ದಾಟಿರಬೇಕು. ಒಬ್ಬರು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದರು. ಎಳೆಯಲಿಲ್ಲ, ಎತ್ತಿಕೊಂಡೇ ಬಂದರು. ಸದ್ದಾಗಬಾರದು ಅಂತ. ಕುರ್ಚಿಯನ್ನು ನನ್ನ ಎದುರಿಗೆ ಹಾಕಲಿಲ್ಲ. ಮಂಚದ ಪಕ್ಕ, ನಾನು ನೋಡುತ್ತಿದ್ದ ಗೋಡೆಯ ಕಡೆಗೇ ಮುಖ ಮಾಡಿ ಹಾಕಿಕೊಂಡು ಕೂತರು. ಐದು ದಿನದಿಂದ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇವರು ಗೋಡೆ ನೋಡಿದರು.

'ಮಾತಾಡಬೇಕು ಅಂತೇನಿಲ್ಲ. ನಾನು ಇಲ್ಲೇ ಇರ್ತೀನಿ. ಹೋಗಿ ಅಂದ್ರೆ ಹೋಗ್ತೀನಿ.'

ನಾನು ಹೋಗಿ ಅನ್ನಲಿಲ್ಲ. ಇರಿ ಅಂತಲೂ ಅನ್ನಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರು ನೇರವಾಗಿ ಕೇಳಿದರು, 'ಸಾಯಬೇಕು ಅನಿಸ್ತಿದೆಯಾ?' ದನಿ ತಗ್ಗಿಸಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳುವುದೇ ಒಳ್ಳೆಯದು ಅಂತ ಆಮೇಲೆ ತರಬೇತಿಯಲ್ಲಿ ಕಲಿತೆ. ಆದರೆ ಆ ಹೊತ್ತಿನಲ್ಲಿ ಗೊತ್ತಾದದ್ದು ಒಂದೇ. ಮುಚ್ಚಿಟ್ಟು ಮುಚ್ಚಿಟ್ಟು ಕೈ ಸೋತಿತ್ತು, ಯಾರೋ ಬಂದು ಒಂದು ಕಡೆ ಹಿಡಿದುಕೊಂಡರು. ಹೂಂ ಅಂದೆ. 'ಇದನ್ನ ಡ್ಯೂಟಿ ನರ್ಸಿಗೆ ಹೇಳಲೇಬೇಕು. ನಿಮ್ಮ ಬೆನ್ನ ಹಿಂದೆ ಹೇಳಲ್ಲ, ಇಲ್ಲಿಗೇ ಕರೀತೀನಿ' ಅಂದರು. ಹಾಗೇ ಮಾಡಿದರು. ನರ್ಸ್ ಬಂದು ಮಾತಾಡಿ ಹೋದ ಮೇಲೆ ಮತ್ತೆ ಅದೇ ಕುರ್ಚಿ, ಅದೇ ಗೋಡೆ.

ಗೋಡೆಯಲ್ಲಿ ಗಡಿಯಾರ ಇತ್ತು. ಬೆಳಗಾಗಲು ಇನ್ನೆಷ್ಟು ಹೊತ್ತು ಅಂತ ಲೆಕ್ಕ ಹಾಕುತ್ತಿದ್ದೆ. ಅದು ಅವರಿಗೆ ಹೇಗೋ ಗೊತ್ತಾಯಿತು. 'ಅದನ್ನ ನಂಬಬೇಡಿ. 11 ನಿಮಿಷ ಮುಂದಿದೆ. ನಾನಿದ್ದಾಗಲೂ ಹಾಗೇ ಇತ್ತು' ಅಂದರು.

ನಾನಿದ್ದಾಗ ಅಂದರೆ? ಬೇರೆ ಶಿಫ್ಟ್ ಇರಬೇಕು ಅಂದುಕೊಂಡೆ. ಅವರು ಕಿಟಕಿ ಪಕ್ಕದ ಮಂಚದ ಕಡೆ ಗಲ್ಲ ಎತ್ತಿ ತೋರಿಸಿದರು. 'ಅದು ನನ್ನದು. ಎರಡು ಸಲ.'

ಅಷ್ಟೇ. ಅದರ ಮೇಲೆ ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ಆ ಮಂಚವನ್ನು ಬೆಳಗಿನ ತನಕ ನೋಡಿದೆ. ಅದರ ಮೇಲೆ ಮಲಗಿದ್ದವರು ಈಗ ಚಪ್ಪಲಿ ಹಾಕಿಕೊಂಡು, ಮನೆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತಿದ್ದರು. 'ಎಲ್ಲಾ ಸರಿ ಹೋಗುತ್ತೆ' ಅಂತ ನನಗೆ ಅದುವರೆಗೆ ನೂರು ಜನ ಹೇಳಿದ್ದರು. ಅಕ್ಕ ಒಮ್ಮೆಯೂ ಹೇಳಲಿಲ್ಲ. ಅವರ ಸೊಂಟದ ಬೀಗದ ಕೈ ಮಾತ್ರ ನೋಡಿದೆ.

ಆಮೇಲೆ ತರಬೇತಿಯಲ್ಲಿ ಅವರೇ ಪಾಠಕ್ಕೆ ಬಂದರು. ಈ ಕೆಲಸ ಹೊಸ ಫ್ಯಾಷನ್ ಅಂದುಕೊಂಡಿದ್ದವನು ನಾನು. ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ಪುಸ್ಸಾಂ ಬಗ್ಗೆ ಮೊದಲು ಕೇಳಿದ್ದು ಅಕ್ಕನ ಬಾಯಲ್ಲೇ. ಆತ ಅಲ್ಲಿಗೆ ಬಂದದ್ದು ರೋಗಿಯಾಗಿ. ಮನಸ್ಸಿನ ಕಾಯಿಲೆ ಅಲ್ಲ, ಕುತ್ತಿಗೆಯ ಗ್ರಂಥಿಗಳ ಕ್ಷಯ. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತು, ಮಾನಸಿಕ ರೋಗಿಗಳ ವಾರ್ಡಿನ ಮೇಲ್ವಿಚಾರಕನಾದ. ಸಹಾಯಕರನ್ನು ಆದಷ್ಟು ಗುಣವಾದ ರೋಗಿಗಳಿಂದಲೇ ಆರಿಸಿಕೊಳ್ಳುತ್ತಿದ್ದ. ಅವರು ಹೊಡೆಯುವುದಿಲ್ಲ, ಮೃದುವಾಗಿರುತ್ತಾರೆ ಅಂತ. 1793ರಲ್ಲಿ ಡಾಕ್ಟರ್ ಪಿನೆಲ್ ಅಲ್ಲಿಗೆ ಬಂದಾಗ ಈತನಿಂದ ಕಲಿತದ್ದು ಬಹಳ. 1797ರಲ್ಲಿ ಅಲ್ಲಿಯ ರೋಗಿಗಳ ಸರಪಳಿ ಬಿಚ್ಚಿಸಿದ್ದೂ ಪುಸ್ಸಾಂ. ಪಿನೆಲ್ ಅಷ್ಟರಲ್ಲಿ ಬೇರೆ ಆಸ್ಪತ್ರೆಗೆ ಹೋಗಿ ಆಗಿತ್ತು. ಹೆಸರು ಬಂದದ್ದು ಮಾತ್ರ ಪಿನೆಲ್‌ಗೆ. ಇದನ್ನು ಹೇಳಿ ಅಕ್ಕ ಜೋರಾಗಿ ನಕ್ಕರು. ನಮ್ಮ ಕೆಲಸದವರಿಗೆ ಈ ನಗು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ಕಾರ್ಡು ಸಿಕ್ಕ ಕೂಡಲೇ ನಾನು ಮಾಡಿದ ಮೊದಲ ಕೆಲಸ ಎಂದರೆ ಎಡವಟ್ಟು. ನನಗೆ ಒಪ್ಪಿಸಿದ ಮೊದಲ ಹುಡುಗ 'ರಾತ್ರಿ ನಿದ್ದೆ ಇಲ್ಲ' ಅಂದ. ನನಗೂ ಹಾಗೇ ಆಗಿತ್ತು ಅಂತ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ನನ್ನ ಆಸ್ಪತ್ರೆ, ನನ್ನ ಅಪ್ಪ, ನನ್ನ ಐದನೇ ರಾತ್ರಿ. ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಆ ಹುಡುಗ ಎದ್ದು ನನಗೆ ನೀರು ತಂದುಕೊಟ್ಟ. 'ಪರವಾಗಿಲ್ಲ ಅಣ್ಣ' ಅಂತ ಬೆನ್ನು ಸವರಿದ. ಅವನ ನಿದ್ದೆಯ ಮಾತು ಅಲ್ಲೇ ಬಿದ್ದಿತ್ತು. ಮುಂದಿನ ವಾರ ಅವನು ಬರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. 'ಅದನ್ನ ಅವನಿಗೋಸ್ಕರ ಹೇಳಿದ್ಯೋ, ನಿನಗೋಸ್ಕರಾನೋ?' ಆಗ ಆ ಗಡಿಯಾರ ನೆನಪಾಯಿತು. ಅವರ ಹತ್ತಿರ ಎಷ್ಟು ಕಥೆ ಇರಲಿಕ್ಕಿಲ್ಲ! ಆ ರಾತ್ರಿ ಖರ್ಚು ಮಾಡಿದ್ದು ಎಣಿಸಿ ನಾಲ್ಕು ಮಾತು. ಈಗ ಬಾಯಿ ತೆರೆಯುವ ಮುಂಚೆ ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹತ್ತರಲ್ಲಿ ಏಳು ಸಲ ಸುಮ್ನೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಇನ್ನೊಂದು ಮಾತು. ನನ್ನ ಅನುಭವ ಎಲ್ಲರ ಅನುಭವ ಅಲ್ಲ. ನಮ್ಮ ಗುಂಪಿನಲ್ಲಿ ಒಬ್ಬರಿಗೆ, ಪಕ್ಕದಲ್ಲಿ ಯಾರೂ ಮಾತಾಡದಿದ್ದರೂ ದನಿಗಳು ಕೇಳಿಸುತ್ತವೆ. ನನಗೆ ಯಾವತ್ತೂ ಕೇಳಿಸಿಲ್ಲ. 'ನಿಮ್ಮ ಕಷ್ಟ ಗೊತ್ತು' ಅಂದರೆ ಅದು ಸುಳ್ಳು. ನೆದರ್‌ಲ್ಯಾಂಡ್ಸ್‌ನಲ್ಲಿ ಪಾಟ್ಸಿ ಹಾಗೆ (Patsy Hage) ಎಂಬ ಹೆಸರಿನ ಮಹಿಳೆ ತನಗೆ ಕೇಳುವ ದನಿಗಳನ್ನು ನಿಜ ಅಂತ ತಗೊಳ್ಳಿ ಎಂದು ತನ್ನ ಡಾಕ್ಟರ್ ಮಾರಿಯಸ್ ರೊಮ್ಮೆ ಜೊತೆ ಹಟಕ್ಕೆ ಬಿದ್ದಿದ್ದರಂತೆ. ಇಬ್ಬರೂ ಟಿವಿಯಲ್ಲಿ ಕೂತು ಮಾತಾಡಿದಾಗ ದನಿ ಕೇಳುವ ನೂರಾರು ಜನ ಫೋನ್ ಮಾಡಿದರು. ಅಲ್ಲಿಂದಲೇ ದನಿ ಕೇಳುವವರ ಗುಂಪುಗಳು ಬೆಳೆದವು. ನಮ್ಮ ಗುಂಪಿನವರಿಗೆ ಅಂಥ ಒಂದು ಗುಂಪು ಹುಡುಕಿಕೊಟ್ಟೆ. ಆ ವಿಷಯದಲ್ಲಿ ನನ್ನಿಂದ ಆದದ್ದು ಅಷ್ಟೇ, ಅದು ಸಾಕಾಗಿತ್ತು ಕೂಡ.

ಈಗ ಬೇಡ ಅಂದುಕೊಂಡಿದ್ದ ವಿಷಯಕ್ಕೆ ಬರುತ್ತೇನೆ. 'ನೀನು ಅನುಭವಿಸಿದ್ದಕ್ಕೂ ಒಂದು ಅರ್ಥ ಬಂತಲ್ಲ, ನಾಲ್ಕು ಜನಕ್ಕೆ ಉಪಯೋಗ ಆಯ್ತಲ್ಲ' ಅಂತ ಈ ವರ್ಷ ಎಷ್ಟೋ ಜನ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಕೇಳಿದಾಗೆಲ್ಲ ಸಿಟ್ಟು ಬರುತ್ತದೆ. ಉಪಯೋಗಕ್ಕೆ ಬರಲಿ ಅಂತ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಎರಡು ವರ್ಷ ಹೋಯಿತು. ಅಪ್ಪನ ಕೊನೆಯ ದಿನಗಳು ಅದರೊಳಗೇ ಇದ್ದವು. ನಾನು ಅಲ್ಲಿದ್ದೂ ಇರಲಿಲ್ಲ. ಯಾರಾದರೂ ವಾಪಸ್ ಕೊಡ್ತೀನಿ ಅಂದರೆ ಈ ಕಾರ್ಡು, ಈ ಕೆಲಸ, ಈ ಬರಹ ಎಲ್ಲ ಬಿಟ್ಟು ಆ ಎರಡು ವರ್ಷ ಎತ್ತಿಕೊಂಡು ಓಡುತ್ತೇನೆ.

ಯಾರೂ ಕೊಡುವುದಿಲ್ಲ. ಹಾಗಾಗಿ ಸೋಮವಾರ ಡ್ಯೂಟಿಗೆ ಹೋಗುತ್ತೇನೆ.

ಮಧ್ಯೆ ಒಂದು ಸಲ ನಾನೂ ಜಾರಿದೆ. ಡಿಸ್ಚಾರ್ಜ್ ಆಗುವ ದಿನ ಅಕ್ಕ ತಮ್ಮ ಪೆನ್ನು ಕೊಟ್ಟು, ಹದಗೆಡುವ ಮುಂಚೆ ನನ್ನಲ್ಲಿ ಏನೇನು ಬದಲಾಗುತ್ತದೆ ಅಂತ ನನ್ನ ಕೈಯಲ್ಲೇ ಬರೆಸಿದ್ದರು. ಬೇಜಾರು, ನಿರಾಸೆ ಅಂತೆಲ್ಲ ಬರೆದಿದ್ದೆ. 'ಇವೆಲ್ಲ ಎಲ್ಲರಿಗೂ ಇರುತ್ತೆ. ಕಣ್ಣಿಗೆ ಕಾಣೋದು ಬರಿ' ಅಂದರು. ಯೋಚಿಸಿ ಬರೆದೆ: ಹಲ್ಲುಜ್ಜುವ ಬ್ರಷ್ ಒಣಗಿರುತ್ತದೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಬ್ರಷ್ ಮುಟ್ಟಿ ನೋಡಿದರೆ ಎಳೆಗಳು ಕಡ್ಡಿಯ ಹಾಗೆ ಗಟ್ಟಿಯಾಗಿದ್ದವು. ಎರಡು ದಿನವೋ ಮೂರು ದಿನವೋ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ, ಮೇಲಿನವರಿಗೆ ಹೇಳಿದೆ, ಮೂರು ವಾರ ರಜೆ ಹಾಕಿದೆ. ಇನ್ನೊಬ್ಬರನ್ನು ನೋಡಿಕೊಳ್ಳುವವನೇ ಹೀಗಾದರೆ ಹೇಗೆ ಅಂತ ಕೇಳದೆ ನನ್ನ ಪಾಳಿ ಹಂಚಿಕೊಂಡ ಸಹೋದ್ಯೋಗಿಗಳಿಗೆ ಇಲ್ಲಿ ಇನ್ನೊಂದು ಥ್ಯಾಂಕ್ಸ್.

ಆ ಮೊದಲ ಹುಡುಗ ನಾಲ್ಕು ತಿಂಗಳಾದ ಮೇಲೆ ವಾಪಸ್ ಬಂದ. 'ಅವತ್ತು ಹೇಳೋಕೆ ಆಗ್ಲಿಲ್ಲ' ಅಂತ ನಿದ್ದೆಯಿಂದಲೇ ಶುರು ಮಾಡಿದ. ಈ ಸಲ ನೀರಿನ ಲೋಟ ನಾನೇ ತಂದಿಟ್ಟಿದ್ದೆ.

ಅಕ್ಕಾ, ಇದನ್ನು ಓದುತ್ತೀರಿ, ಒಂದು ಸಾಲಿನ ಉತ್ತರವನ್ನೂ ಬರೆಯುವುದಿಲ್ಲ ಅಂತ ಗೊತ್ತು. ಎರಡು ಸುದ್ದಿ ಇದೆ. ವಾರ್ಡಿನ ಗಡಿಯಾರಕ್ಕೆ ಯಾರೋ ಹೊಸ ಸೆಲ್ ಹಾಕಿ ಸರಿಯಾದ ಟೈಮ್ ಇಟ್ಟುಬಿಟ್ಟಿದ್ದಾರೆ. ಮತ್ತೆ ನಿಮ್ಮ ಪೆನ್ನು ನನ್ನ ಹತ್ತಿರವೇ ಉಳಿದಿದೆ. ಎರಡು ಸಲ ರೀಫಿಲ್ ಬದಲಾಯಿಸಿದ್ದೇನೆ. ಬೇಕಿದ್ದರೆ ಹೇಳಿ, ಇಲ್ಲದಿದ್ದರೆ ಇಟ್ಟುಕೊಳ್ಳುತ್ತೇನೆ.