ಮೀನು ಮಾರ್ಕೆಟ್ಟಿನ ಬೀಗ ತೆಗೆಸಿ, ಶಾಸಕರೇ

ದಾವಣಗೆರೆ ಜಿಲ್ಲೆಯ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಬಸ್‌ಸ್ಟ್ಯಾಂಡ್ ಹಿಂದೆ ಮೀನು ಮಾರುವವಳು. ಇಪ್ಪತ್ತಾರು ವರ್ಷವಾಯಿತು. ಹೋದ ತಿಂಗಳು ನಮ್ಮ ಅರ್ಜಿ ನೋಡಿ ನೀವು ನಕ್ಕಿರಿ. "ಸಮುದ್ರ ಎಲ್ಲಿ, ನಮ್ಮೂರು ಎಲ್ಲಿ? ಇಲ್ಲಿ ಮೀನಿಗೆ ಮಾರ್ಕೆಟ್ ಬೇರೆ ಕೇಡು" ಅಂದಿರಿ. ಸುತ್ತ ಇದ್ದವರೂ ನಕ್ಕರು. ನನಗೆ ಮೂರು ದಿನ ನಿದ್ದೆ ಬರಲಿಲ್ಲ.

ಸಮುದ್ರ ಎಲ್ಲಿದೆ ಅಂತ ಹೇಳುತ್ತೇನೆ, ಕೇಳಿ. ನನ್ನ ತವರು ಮಲ್ಪೆ. ನೀವು ವರ್ಷಕ್ಕೊಮ್ಮೆ ಹೋಗಿ ಕೈಮುಗಿಯುವ ಉಡುಪಿ ಕೃಷ್ಣ ಬಂದದ್ದು ಮಲ್ಪೆಯ ಕಡಲಿನಿಂದ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದರಂತೆ, ಹಡಗಿನವನು ಕೊಟ್ಟ ಗೋಪಿಚಂದನದ ಗಡ್ಡೆಯೊಳಗೆ ಮೂರ್ತಿ ಇತ್ತಂತೆ. 1498ರಲ್ಲಿ ವಾಸ್ಕೋ ಡ ಗಾಮ ಎದುರಿನ ದ್ವೀಪದಲ್ಲಿ ಇಳಿದು ಶಿಲುಬೆ ನೆಟ್ಟ ಅನ್ನುತ್ತಾರೆ, ಅದೇ ಸೇಂಟ್ ಮೇರೀಸ್. ಹತ್ತಿರದ ದರಿಯಾ ಬಹದ್ದೂರ್‌ಗಡದ ಕೋಟೆ ಬಿದನೂರಿನ ದೊರೆ ಬಸಪ್ಪ ನಾಯಕನದು. ಬಿದನೂರಿನವರಿಗೂ ಚಿತ್ರದುರ್ಗದವರಿಗೂ ಆದ ಜಗಳದ ಕಥೆ ನಿಮ್ಮ ಭಾಷಣದಲ್ಲೇ ಕೇಳಿದ್ದೇನೆ. ಘಟ್ಟದ ಮೇಲಿನ ದೊರೆಗೆ ಆಗಲೇ ಕಡಲು ಗೊತ್ತಿತ್ತು. ನಿಮಗೆ ಈಗಲೂ ದೂರ.

ನಮ್ಮಜ್ಜ ಕೈರಂಪಣಿ ಎಳೆಯುತ್ತಿದ್ದರು. ಬಲೆಯನ್ನು ದೂರದವರೆಗೆ ಬಳಸಿ ಬಿಟ್ಟು, ಎರಡೂ ತುದಿಗೆ ಹತ್ತಾರು ಜನ ನಿಂತು ದಡಕ್ಕೆ ಎಳೆಯಬೇಕು. ಬೂತಾಯಿ, ಬಂಗುಡೆ ರಾಶಿ ಬೀಳುತ್ತಿತ್ತು. ಆಗ ಐಸು ಎಲ್ಲಿತ್ತು? ತಿಂದು ಉಳಿದದ್ದಕ್ಕೆ ಉಪ್ಪು ಹಾಕಿ ಒಣಗಿಸಿ ಘಟ್ಟ ಹತ್ತಿಸುತ್ತಿದ್ದರು. ನಿಮ್ಮೂರ ಸಂತೆಯಲ್ಲಿ ಇವತ್ತಿಗೂ ಒಣಮೀನು ಸಿಗುವುದು ಸುಮ್ನೆ ಅಲ್ಲ. 1970ರ ದಶಕದ ಕೊನೆಗೆ ಕಡಲಲ್ಲೇ ಸುತ್ತುಬಲೆ ಹಾಕುವ ಪರ್ಸೀನ್ ಬೋಟು ಬಂದವು, ರಂಪಣಿ ಮೂಲೆ ಸೇರಿತು. ಐಸು, ಲಾರಿ ಬಂದು ಹಸಿಮೀನೂ ಘಟ್ಟ ಹತ್ತಿತು. ಅದರ ಹಿಂದೆ ಮದುವೆಯಾಗಿ ನಾನೂ ಹತ್ತಿದೆ.

ಮಾರ್ಕೆಟ್ ಕಟ್ಟಡ ಆಗಿ ನಾಲ್ಕು ವರ್ಷ. ರಿಬ್ಬನ್ ಕತ್ತರಿಸಿದ್ದು ನೀವೇ. ಅವತ್ತು ಸಂಜೆ ಹಾಕಿದ ಬೀಗ ಇನ್ನೂ ತೆಗೆದಿಲ್ಲ. ಕಿಟಕಿಯಿಂದ ನೋಡಿದ್ದೇನೆ. ಬಿಳಿ ಟೈಲ್ಸಿನ ಕಟ್ಟೆ, ನಲ್ಲಿ, ಚರಂಡಿ ಎಲ್ಲಾ ಇದೆ. ಕಟ್ಟೆಯ ಮೇಲೆ ಪಾರಿವಾಳ ಮೊಟ್ಟೆ ಇಟ್ಟಿದೆ. ಅದಕ್ಕೆ ಯಾರೂ ನೋಟಿಸು ಕೊಟ್ಟಿಲ್ಲ, ಅಲ್ವಾ?

ಹೋದ ಭಾನುವಾರ ಬೆಳಿಗ್ಗೆ ಏಳೂವರೆ. ಎರಡು ಬಾಕ್ಸ್ ಬಂಗುಡೆ, ಒಂದು ಬಾಕ್ಸ್ ಅಂಜಲ್ ಇತ್ತು. ಕಿವಿರು ಎತ್ತಿ, ಕೆಂಪಗಿದೆ ನೋಡಿ ಅಂತ ಗಿರಾಕಿಗೆ ತೋರಿಸುತ್ತಿದ್ದೆ. ಮುನಿಸಿಪಾಲಿಟಿ ಗಾಡಿ ಬಂತು. ಮಾತಿಲ್ಲ, ಕತೆಯಿಲ್ಲ, ಮೂರೂ ಬಾಕ್ಸ್ ಎತ್ತಿ ಕಸದೊಳಗೆ ಸುರಿದರು. ಮೇಲೆ ಬ್ಲೀಚಿಂಗ್ ಪೌಡರ್ ಎರಚಿದರು. ಬೇಕಾದರೆ ದಂಡ ಹಾಕಿ, ಮೀನು ಯಾಕೆ ಹಾಳು ಮಾಡುತ್ತೀರಿ ಅಂತ ಕೈ ಹಿಡಿದೆ. "ನಾಯಿ ತಿನ್ನಬಾರದಲ್ಲ, ಅದಕ್ಕೆ" ಅಂದ ಒಬ್ಬ ಹುಡುಗ. ತಕ್ಕಡಿಯನ್ನೂ ಹೊತ್ತುಕೊಂಡು ಹೋದರು. ಹನ್ನೊಂದು ಸಾವಿರದ ಮಾಲು, ಅದೂ ಬಡ್ಡಿಗೆ ತಂದ ದುಡ್ಡು. ಇನ್ನೊಂದು ಮಾತು. ನಿಮ್ಮ ಡ್ರೈವರ್ ನಡು ತುಂಡೇ ಬೇಕು ಅಂತ ಹೇಳಿದ್ದಕ್ಕೆ, ಎರಡು ಕೆ.ಜಿ. ಅಂಜಲ್ ಕತ್ತರಿಸಿಟ್ಟಿದ್ದೆ. ಅದೂ ಕಸಕ್ಕೆ ಹೋಯಿತು. ಆ ಭಾನುವಾರ ನಿಮ್ಮ ಮನೆಯಲ್ಲಿ ಏನು ಸಾರು ಮಾಡಿದರೋ ಕಾಣೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ನಿಮಗೆ ಗೊತ್ತಿರುವುದೇ. ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ಹಿಡಿದದ್ದು ಕೆಡುವ ಮಾಲಾದರೆ ಕೇಳಿದ ದಿನವೇ ಕೊಡಬೇಕು. ಬ್ಲೀಚಿಂಗ್ ಹಾಕಿದ ಬಂಗುಡೆಯನ್ನು ಯಾವ ದಿನ ಕೇಳಲಿ? ತಕ್ಕಡಿ ಕೇಳಿದರೆ ನಾಳೆ ಬಾ, ನಾಡಿದ್ದು ಬಾ ಅನ್ನುತ್ತಾರೆ.

ನಮಗೆ ಪರಿಹಾರದ ಚೆಕ್ಕು, ಫೋಟೋ, ಶಾಲು ಯಾವುದೂ ಬೇಡ. ಬೀಗ ತೆಗೆಸಿ. ಬಾಡಿಗೆ ಕೊಡುತ್ತೇವೆ, ನೀರಿನ ಬಿಲ್ಲು ಕಟ್ಟುತ್ತೇವೆ, ಕಟ್ಟೆ ನಾವೇ ತೊಳೆಯುತ್ತೇವೆ. ಬೀಗ ತೆಗೆಸಿ ಸಾಕು.

ಜೂನ್ 1ರಿಂದ 61 ದಿನ ಮಲ್ಪೆಯ ಟ್ರಾಲರುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಸೂಳೆಕೆರೆಯ ಕಾಟ್ಲಾ ಮೀನು ಮಾರಿ ಹೇಗೋ ದಿನ ದೂಡುತ್ತೇನೆ. ಆಗಸ್ಟಿನಲ್ಲಿ ಮೊದಲ ಲಾರಿ ಬರುವಷ್ಟರಲ್ಲಿ ಬೀಗ ತೆಗೆಸಿ. ಕೀ ಯಾರ ಹತ್ತಿರ ಇದೆ ಅಂತ ನಿಮಗೂ ಗೊತ್ತಿಲ್ಲದಿದ್ದರೆ ಹೇಳಿ, ಬೀಗ ರಿಪೇರಿಯವನ ಅಂಗಡಿ ನನ್ನ ಪಕ್ಕದಲ್ಲೇ ಇದೆ.

ಇಂತಿ,
ಬಸ್‌ಸ್ಟ್ಯಾಂಡ್ ಹಿಂದಿನ ಮೀನಿನಮ್ಮ