ಒಂದೇ ಪ್ರಯಾಣ ಅಂತ ಮಾರಿದವರು ಹೊಣೆಯನ್ನೂ ಹೊರಲಿ: ಮೈಸೂರು-ಕೊಡಗು ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೆ ನಮಸ್ಕಾರ.

ನಮ್ಮ ಮೈಸೂರು ವಿಮಾನ ನಿಲ್ದಾಣ ಇರುವ ಮಂಡಕಳ್ಳಿಯ ರನ್‌ವೇ ಉದ್ದ ಆಗಬೇಕು ಅಂತ ಊರೆಲ್ಲ ಕೇಳುತ್ತಿದೆ, ಅದು ಆಗಲೇಬೇಕು. ಆದರೆ ಅಲ್ಲಿಯ ತನಕ ನಮ್ಮಲ್ಲಿಗೆ ಬರುವುದು ಎಟಿಆರ್‌ನಂಥ ಸಣ್ಣ ವಿಮಾನ. ದೂರ ಹೋಗುವವರು ಹೈದರಾಬಾದಿನಲ್ಲೋ ಇನ್ನೆಲ್ಲೋ ವಿಮಾನ ಬದಲಿಸಬೇಕು, ಇಲ್ಲವೇ ಬಸ್ಸು ಹತ್ತಿ ದೇವನಹಳ್ಳಿಗೆ ಹೋಗಬೇಕು. ಅಲ್ಲಿಂದ ಹೊರಟರೂ ಅಮೆರಿಕದ ಬಹುತೇಕ ಊರುಗಳಿಗೆ ನಡುವೆ ದುಬೈ, ದೋಹಾ, ಫ್ರಾಂಕ್‌ಫರ್ಟ್ ಅಂತ ಎಲ್ಲಾದರೂ ಇಳಿದು ಹತ್ತಲೇಬೇಕು. ಕನೆಕ್ಟಿಂಗ್ ಫ್ಲೈಟ್ ತಪ್ಪಿದರೆ ಯಾರು ಹೊಣೆ ಅನ್ನೋದು ನಮ್ಮ ಊರಿಗೆ ಸಣ್ಣ ಪ್ರಶ್ನೆ ಅಲ್ಲ.

ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ ಇದೆ. ಮೊದಲ ವಿಮಾನದಿಂದಾಗಿ ಮುಂದಿನದು ತಪ್ಪಿದರೆ, ಹಾರಾಟದ ಅವಧಿ ನೋಡಿಕೊಂಡು 5,000, 7,500 ಅಥವಾ 10,000 ರೂಪಾಯಿ ಪರಿಹಾರ. ಟಿಕೆಟ್ಟಿನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಆ ಕಡಿಮೆ ಮೊತ್ತ ಮಾತ್ರ. ಹವಾಮಾನದಂಥ ಕಾರಣ ಇದ್ದರೆ ಅದೂ ಇಲ್ಲ. ಇಷ್ಟೂ ಸಿಗಬೇಕಾದರೆ ಎರಡೂ ವಿಮಾನ ಒಂದೇ ಟಿಕೆಟ್ ನಂಬರಿನಲ್ಲಿ ಇರಬೇಕು. ತೊಂದರೆ ಶುರುವಾಗುವುದೇ ಇಲ್ಲಿ.

ಬುಕಿಂಗ್ ವೆಬ್‌ಸೈಟುಗಳು ಎರಡು ಬೇರೆ ಬೇರೆ ಕಂಪನಿಯ ಟಿಕೆಟ್ ಜೋಡಿಸಿ, ಒಂದೇ ಬೆಲೆ ಹಾಕಿ, ಒಂದೇ ಪ್ರಯಾಣದ ಹಾಗೆ ತೋರಿಸುತ್ತವೆ. ನನ್ನ ಪರಿಚಯದ ಹಿರಿಯ ದಂಪತಿ ಮಗಳ ಬಾಣಂತನಕ್ಕೆ ಅಂತ ಹಾಗೇ ಟಿಕೆಟ್ ಮಾಡಿಸಿ ಹೊರಟರು. ಮೊದಲ ವಿಮಾನ ತಡವಾಯಿತು, ಎರಡನೆಯದು ಇವರನ್ನು ಬಿಟ್ಟು ಹೋಯಿತು. ಎರಡನೇ ಕಂಪನಿಯವರು ನೀವು ಸಮಯಕ್ಕೆ ಬರಲಿಲ್ಲ ಅಂದರು, ಮೊದಲನೆಯವರು ನಾವು ಇಲ್ಲಿಯ ತನಕ ತಂದು ಬಿಟ್ಟಿದ್ದೇವಲ್ಲ ಅಂದರು, ಮಾರಿದವರು ಫೋನೇ ಎತ್ತಲಿಲ್ಲ. ಲಗೇಜ್ ಕೊನೆಯ ಊರಿನ ತನಕ ಹೋಗುವ ಹಾಗಿರಲಿಲ್ಲ, ಇಳಿಸಿಕೊಳ್ಳಬೇಕಾದರೆ ಇಮಿಗ್ರೇಷನ್ ದಾಟಬೇಕು, ದಾಟಬೇಕಾದರೆ ಆ ದೇಶದ ವೀಸಾ ಬೇಕು, ಅದು ಇವರ ಹತ್ತಿರ ಎಲ್ಲಿಂದ ಬರಬೇಕು? ಕೊನೆಗೆ ಮಗಳೇ ಅವತ್ತಿನ ರೇಟಿಗೆ ಹೊಸ ಟಿಕೆಟ್ ಕೊಟ್ಟು ಕರೆಸಿಕೊಂಡಳು. ದುಡ್ಡಿಗಿಂತ ಜಾಸ್ತಿ ಅವರನ್ನು ನೋಯಿಸಿದ್ದು, ಕೇಳಿದವರೆಲ್ಲ ಇನ್ನೊಬ್ಬರ ಕಡೆ ಕೈ ತೋರಿಸಿದ್ದು.

ಯುರೋಪಿನಲ್ಲಿ ವಿಮಾನ ಪ್ರಯಾಣಿಕರ ಹಕ್ಕಿಗೆ ಅಂತ 2004ರ 261ನೇ ನಿಯಮ ಇದೆ. ಕೊನೆಯ ಊರಿಗೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದರೆ 600 ಯೂರೋ ತನಕ ಪರಿಹಾರ ಕೇಳಬಹುದು. ಆದರೆ ಅಲ್ಲೂ ಅದು ಒಂದೇ ಬುಕಿಂಗ್ ಆಗಿರಬೇಕು. ಹಾಗಾಗಿ ಪರಿಹಾರದ ಮೊತ್ತ ಏರಿಸಿ ಅಂತ ಮಾತ್ರ ಕೇಳಿದರೆ ಈ ದಂಪತಿಗೆ ಏನೂ ಸಿಗುವುದಿಲ್ಲ.

ಸಂಸತ್ತಿನಲ್ಲಿ ನೀವು ಕೇಳಬೇಕಾದದ್ದು ಇದು. ದುಡ್ಡು ಕಟ್ಟುವ ಮೊದಲೇ ಇದು ಒಂದು ಟಿಕೆಟ್ಟೋ ಎರಡೋ, ಲಗೇಜ್ ಎಲ್ಲಿಯ ತನಕ ಹೋಗುತ್ತದೆ, ನಡುವೆ ವೀಸಾ ಬೇಕಾ ಅಂತ ದೊಡ್ಡಕ್ಷರದಲ್ಲಿ, ಕನ್ನಡದಲ್ಲೂ ತೋರಿಸುವುದು ಕಡ್ಡಾಯ ಆಗಲಿ. ಸುಮ್ನೆ ಷರತ್ತುಗಳ ಕೊನೆಯಲ್ಲಿ ಅಡಗಿಸಿಟ್ಟರೆ ಆಗದು. ಎರಡು ಟಿಕೆಟ್ ಜೋಡಿಸಿ ಒಂದೇ ಪ್ರಯಾಣ ಅಂತ ಮಾರಿದವರು, ಕನೆಕ್ಷನ್ ತಪ್ಪಿದಾಗ ಮುಂದಿನ ವಿಮಾನ ಹತ್ತಿಸಬೇಕು ಅಥವಾ ದುಡ್ಡು ವಾಪಸ್ ಕೊಡಬೇಕು. ಲಾಭ ತೆಗೆದುಕೊಂಡವರೇ ಹೊಣೆ ಹೊರುವುದು ನ್ಯಾಯ ಅಲ್ವಾ?

ಇನ್ನೊಂದು ವಿಷಯ. ಒಂದೇ ಟಿಕೆಟ್ ಇದ್ದು, ಮೊದಲ ವಿಮಾನ ಬಿಟ್ಟು ರೈಲಿನಲ್ಲಿ ಹೋಗಿ ಎರಡನೆಯದನ್ನು ಹತ್ತುತ್ತೇನೆ ಅಂದರೆ, ಸಾಮಾನ್ಯವಾಗಿ ಉಳಿದ ಟಿಕೆಟ್ ಪೂರ್ತಿ ರದ್ದಾಗುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಈ ಎಚ್ಚರಿಕೆಯನ್ನೂ ಅದೇ ಜಾಗದಲ್ಲಿ ಹಾಕಿಸಿ.

ಮುಂದಿನ ಅಧಿವೇಶನದಲ್ಲಿ ವಿಮಾನಯಾನ ಸಚಿವರಿಗೆ ಲಿಖಿತ ಪ್ರಶ್ನೆ ಹಾಕಿ. ಬಂದ ಉತ್ತರವನ್ನು ಕನ್ನಡದಲ್ಲಿ ನಮಗೂ ತಿಳಿಸಿ.

ನಿಮ್ಮ ಕ್ಷೇತ್ರದ ಒಬ್ಬ ಮತದಾರ