ಸಣ್ಣಕ್ಷರದ ಆ ಸಾಲು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಉಳಿದ ಸುದ್ದಿಗೆಲ್ಲ ಆಮೇಲೆ ಬರೆಯುತ್ತೇನೆ. ಕೃತಕ ಕಣ್ಣು ಹಾಕಿಸುವ ಮಾತು ಬರೆದು, ಕಾಗದದ ತುದಿಯಲ್ಲಿ ಸಣ್ಣಕ್ಷರದಲ್ಲಿ ‘ಕಾಣದ ಕಣ್ಣಿಗೆ ಕತ್ತರಿ ಹಾಕಿಸಲು ಹೋಗಿ ಕಾಣುವುದೂ ಹೋದರೆ?’ ಎಂದಿದ್ದೀಯಲ್ಲ, ಅದು ನಿದ್ದೆ ಕೆಡಿಸಿದೆ. ಅದೇ ಮಾತನ್ನು ಕಟ್ಟಿಕೊಂಡು, ಕಾಣದ ನನ್ನ ಎಡಗಣ್ಣಿಗೆ ಏನೂ ಮಾಡಿಸದೆ ನಾನು 19 ವರ್ಷ ಕೂತಿದ್ದೆ.

ಮನೆಯ ಆಲ್ಬಮ್ ತೆಗೆದು ನೋಡು. ನಿನ್ನನ್ನು ಎತ್ತಿಕೊಂಡಿರುವ ಫೋಟೋದಲ್ಲಿ ನೀನು ಕ್ಯಾಮೆರಾ ನೋಡುತ್ತಿದ್ದೀಯೆ, ನಾನು ಆ ಕಣ್ಣು ಮರೆಸಲು ಕಿಟಕಿ ನೋಡುತ್ತಿದ್ದೇನೆ.

ನಿನ್ನ ಭಯ ಸುಳ್ಳೆನ್ನಲಾರೆ. ಒಂದು ಕಣ್ಣು ಒಡೆದು ಗಾಯವಾದಾಗ, ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ ಇನ್ನೊಂದು ಕಣ್ಣಿನ ಮೇಲೂ ಎರಗುವುದುಂಟು. ಅಂಧರ ಚುಕ್ಕಿ ಲಿಪಿ ರೂಪಿಸಿದ ಲೂಯಿ ಬ್ರೈಲ್‌ನ ಕಥೆ ಗೊತ್ತಲ್ಲ? 1812ರಲ್ಲಿ, ಮೂರು ವರ್ಷದ ಮಗು, ಅಪ್ಪನ ಚರ್ಮದ ಕೆಲಸದ ದಬ್ಬಳ ಚುಚ್ಚಿದ್ದು ಒಂದೇ ಕಣ್ಣಿಗೆ, ಹೋದದ್ದು ಎರಡೂ. ಈ ಕಥೆಯನ್ನು ನಾನು ಎಷ್ಟು ರಾತ್ರಿ ಮೆಲುಕು ಹಾಕಿದ್ದೇನೋ! ಆದರೆ ಕೆಡುಕು ಶುರುವಾದದ್ದು ಆ ಗಾಯದಿಂದ ಎಂಬುದು ತಲೆಗೇ ಹೋಗಿರಲಿಲ್ಲ. ಗಾಯಗೊಂಡ ಕಣ್ಣನ್ನು ಮುಟ್ಟದೆ ಬಿಟ್ಟ ಮಾತ್ರಕ್ಕೆ ಇನ್ನೊಂದನ್ನು ಕಾಪಾಡಿದಂತಲ್ಲ. ಶಸ್ತ್ರಚಿಕಿತ್ಸೆಯಿಂದಲೂ ಹಾಗಾಗುವುದಿದೆ, ಬಹಳ ಅಪರೂಪ. ಬೇಗ ಗೊತ್ತಾದರೆ ಸ್ಟಿರಾಯ್ಡ್ ಕೊಟ್ಟು ಹತೋಟಿಗೆ ತರಲು ನೋಡುತ್ತಾರೆ.

ಎಲ್ಲರಿಗೂ ಕತ್ತರಿಯೇ ಬೇಕೆಂದೂ ಇಲ್ಲ. ನೋವಿಲ್ಲದೆ ಕುಗ್ಗಿದ ಕಣ್ಣಿಗೆ ಮೇಲೆಯೇ, ಕಣ್ಣಿನಂತೆ ಬಣ್ಣ ಬರೆದ ತೆಳು ಚಿಪ್ಪು ತೊಡಿಸುತ್ತಾರೆ. ಬರೀ ಬಿಳಿಕಲೆಯಾದರೆ ಬಣ್ಣದ ಲೆನ್ಸ್, ಇಲ್ಲವೇ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಹಚ್ಚೆಯಂತೆ ಬಣ್ಣ. ತೆಗೆಯಲೇಬೇಕೆಂದರೆ ಎರಡು ದಾರಿ: ಹೊರಗಿನ ಬಿಳಿ ಪದರ ಉಳಿಸಿ ಒಳಗಿನದನ್ನಷ್ಟೇ ತೆಗೆಯುವುದು, ಅಥವಾ ಇಡೀ ಗುಡ್ಡೆ ತೆಗೆಯುವುದು. ನಿನ್ನ ಭಯಕ್ಕೆ ಎರಡನೆಯದೇ ಹೆಚ್ಚು ಸಮಾಧಾನ ಎನ್ನುವ ವೈದ್ಯರಿದ್ದಾರೆ. ನಾನು ಡಾಕ್ಟರಲ್ಲ, ನಿನ್ನ ಕಣ್ಣಿಗೆ ಯಾವುದೆಂದು ಹೇಳುವ ಅಧಿಕಾರ ನನಗಿಲ್ಲ.

ನನ್ನ ಕೃತಕ ಕಣ್ಣನ್ನು ಮಾಡಿದವನು ಎದುರಿಗೆ ಕುಳಿತು, ಬಲಗಣ್ಣನ್ನು ನೋಡುತ್ತಾ ನೋಡುತ್ತಾ ಪಾಪೆಯ ಸುತ್ತ ಬಣ್ಣ ತುಂಬಿದ. ಆಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ, ಬಿಳಿಯ ಮೇಲೆ ನರದಂತೆ ಒಂದೊಂದನ್ನೇ ಕೂರಿಸಿದ. ಕಣ್ಣು ತಪ್ಪಿಸದೆ ಯಾರೋ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅತ್ತುಬಿಟ್ಟೆ; ಪಾಪ, ಅವನು ಕುಂಚ ಕೆಳಗಿಟ್ಟು ಕಾದ.

ಇನ್ನೊಂದು, ಬೈಯಬೇಡ: ಏನು ಮಾಡಿಸಿದರೂ ಮಾಡಿಸದಿದ್ದರೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ ಕನ್ನಡಕ ಹಾಕಿಕೋ, ನಂಬರ್ ಇಲ್ಲದಿದ್ದರೂ. ಉಳಿದ ಕಣ್ಣಿಗೆ ಪೆಟ್ಟು ಬೀಳದಂತೆ ನೋಡಿಕೊಳ್ಳುವುದಾದರೂ ನಮ್ಮ ಕೈಯಲ್ಲಿದೆ.

ಆ ಸಾಲನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಕೇಳು. ನಾನು ಕೇಳುವುದಕ್ಕೆ 19 ವರ್ಷ ಹಿಡಿಯಿತು, ಅವರು ಉತ್ತರಿಸಿದ್ದು ಐದು ನಿಮಿಷ. ಒಬ್ಬನೇ ಕೇಳಲು ಮುಜುಗರವಾದರೆ ನಾನು ಬರುತ್ತೇನೆ. ಮಂಡಿನೋವು ಇದೆ, ಆದರೂ ಬರುತ್ತೇನೆ.

ನಿನ್ನ ಅತ್ತೆ